ಓಡ್ರಿ, ಆದ್ರ ಮಾತು ನಿಲ್ಲಬಾರದು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ, ಈ ನಾಲ್ಕರಲ್ಲಿ ಯಾವ ಊರಿಗಾದರೂ ಹೋಗಿ ನಸುಕಿನಲ್ಲಿ ಮೈದಾನದ ಅಂಚಿಗೆ ನಿಲ್ಲಿ. ಓಡುವವರಲ್ಲಿ ಎರಡೇ ಪಂಗಡ ಕಾಣುತ್ತವೆ. ಒಂದು ಭರ್ತಿಯವರದು, ಇನ್ನೊಂದು ಶುಗರಿನವರದು. ಭರ್ತಿಯ ಹುಡುಗರು ನೌಕರಿ ಹಿಡಿಯಲಿಕ್ಕೆ ಓಡುತ್ತಾರೆ. ಶುಗರಿನವರು ನೌಕರಿ ಹಿಡಿದು ಕುರ್ಚಿ ಬಿಡದೆ ಕೂತ ತಪ್ಪಿಗೆ ಓಡುತ್ತಾರೆ. ಮೊದಲಿನವರ ಕೈಯಲ್ಲಿ ಸ್ಟಾಪ್‌ವಾಚು, ಎರಡನೆಯವರ ಕಿಸೆಯಲ್ಲಿ ಲ್ಯಾಬ್ ರಿಪೋರ್ಟು.

ಭರ್ತಿಯವರ ಲೆಕ್ಕ ಬಲು ಕಟ್ಟುನಿಟ್ಟು. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಹುಡುಗರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು, ಹುಡುಗಿಯರು 400 ಮೀಟರನ್ನು 2 ನಿಮಿಷದಲ್ಲಿ. ಅಗ್ನಿವೀರರಾಗಿ ಪೂರಾ ಅಂಕ ಬೇಕೆಂದರೆ 1.6 ಕಿ.ಮೀ.ಗೆ 5 ನಿಮಿಷ 30 ಸೆಕೆಂಡು. ಆ ಹುಡುಗರು ಪಕ್ಕದಲ್ಲಿ ಸುಂಯ್ ಅಂತ ಹಾದುಹೋದರೆ ಶುಗರಿನವರ ಟವೆಲ್ಲು ಹಾರುತ್ತದೆ.

ಇತ್ತೀಚೆಗೆ ಇವೆರಡರ ನಡುವೆ ಮೂರನೆಯ ಪಂಗಡವೊಂದು ಹುಟ್ಟಿದೆ. ಇವರೇ ಮರಳಿ ಓಡುವವರು. ವಯಸ್ಸು ನಲವತ್ತರ ಆಚೀಚೆ. ಶಾಲೆಯ ಮಾಸ್ತರು, ಬ್ಯಾಂಕಿನವರು, ಗೊಬ್ಬರದಂಗಡಿಯ ಸಾವಕಾರರು. ಕಾಲೇಜಿನಲ್ಲಿದ್ದಾಗ ಇವರೆಲ್ಲ ಝೋನಲ್ಲಿಗೆ ಓಡಿದವರು. ಆಗ ಬಂದ ಕಪ್ಪು ಇವತ್ತಿಗೂ ಶೋಕೇಸಿನಲ್ಲಿದೆ, ಆಗಿನ ಹೊಟ್ಟೆ ಮಾತ್ರ ಎಲ್ಲಿಯೂ ಇಲ್ಲ. ಇವರಿಗೆ ವೈರಿ ಅಂದರೆ ಬೊಜ್ಜಲ್ಲ, ನೆನಪು. ‘ನಾವು ಆವಾಗ ಹೆಂಗ ಓಡ್ತಿದ್ವಿ ಅಂತೀನಿ!’ ಅಂತ ಶುರುವಾದ ಮೊದಲನೇ ದಿನದ ಓಟ ಮೂರನೇ ದಿನಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದರಲ್ಲಿ ಮುಗಿಯುತ್ತದೆ.

ಇದರಲ್ಲಿ ದೇಹದ ತಪ್ಪೇನೂ ಇಲ್ಲ. ಓಟ ಬಿಟ್ಟ ಎರಡು ಮೂರು ವಾರಕ್ಕೇ ಗುಂಡಿಗೆ, ಪುಪ್ಪುಸಗಳ ಕಸುವು ಇಳಿಯತೊಡಗುತ್ತದೆ. ಹಂಗೇ ಮತ್ತೆ ಶುರುಮಾಡಿದರೆ ಕೆಲವೇ ವಾರದಲ್ಲಿ ತಿರುಗಿ ಏರಲಿಕ್ಕೂ ಹತ್ತುತ್ತದೆ. ಆದರೆ ಹಿಮ್ಮಡದ ಮೇಲಿನ ಸ್ನಾಯುರಜ್ಜು, ಮೊಣಕಾಲ ಕೆಳಗಿನ ಎಲುಬು, ಇವು ಸಾವಕಾಶದ ಮಂದಿ. ಇವಕ್ಕೆ ತಿಂಗಳುಗಟ್ಟಲೆ ಬೇಕು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ಎದೆ ‘ಇನ್ನೊಂದು ಸುತ್ತು ಆಗಲಿ’ ಅನ್ನುತ್ತದೆ, ಕಾಲು ‘ನಿನ್ನ ಕಾಲ ಬೀಳ್ತೀನಿ, ಸಾಕು’ ಅನ್ನುತ್ತದೆ. ಹೊಸ ಟ್ರ್ಯಾಕ್ಟರಿಗೆ ಅಜ್ಜನ ಕಾಲದ ಟ್ರಾಲಿ ಹಚ್ಚಿದಂಗೆ ಇದು. ಎಂಜಿನ್ನು ಎಳೆಯುತ್ತದೆ, ಕೊಂಡಿ ಕಿತ್ತು ಬರುತ್ತದೆ.

ಇದಕ್ಕೆ ಮದ್ದು ಹೇಳಿದವರೂ ಓಟದವರೇ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೆ, ಓಡುತ್ತಾ ನಡುನಡುವೆ ನಡೆಯಿರಿ, ಸುಸ್ತಾಗುವ ಮೊದಲೇ ನಡೆಯಿರಿ ಅಂತ ಜೀವನವಿಡೀ ಹೇಳುತ್ತ ಬಂದವರು. ಕುರ್ಚಿಯಿಂದ ಏಳದವರನ್ನು ಒಂಬತ್ತು ವಾರದಲ್ಲಿ 5 ಕಿ.ಮೀ. ಓಡಿಸುವ ‘ಕೌಚ್ ಟು 5ಕೆ’ ಪಟ್ಟಿಯೂ ಇದೇ ದಾರಿಯದು. ಜಾಶ್ ಕ್ಲಾರ್ಕ್ ಅದನ್ನು ಮಾಡಿದ್ದು 1996ರಲ್ಲಿ. ವಾರಕ್ಕೆ ಮೂರೇ ದಿನ, ನಡುವೆ ವಿಶ್ರಾಂತಿ. ನಮ್ಮ ಕಡೆಗೆ ಇಳಿಸಿ ಹೇಳುವುದಾದರೆ: ಒಂದು ಕರೆಂಟ್ ಕಂಬದಿಂದ ಇನ್ನೊಂದಕ್ಕೆ ಓಡಿ, ಮುಂದಿನ ಎರಡು ಕಂಬ ನಡೆಯಿರಿ. ಕಂಬ ನಡುವಿನಲ್ಲಿ ಬಿದ್ದಿದ್ದರೆ ಹೆಸ್ಕಾಮಿಗೆ ಫೋನು ಮಾಡುವ ನೆವದಲ್ಲಿ ಸ್ವಲ್ಪ ನಿಂತೂ ಬಿಡಿ.

ಆದರೆ ಈ ನೆಲದಲ್ಲಿ ಓಡುವುದಕ್ಕೆ ಕಾಲಿಗಿಂತ ಮುಖದ ಚರ್ಮ ಗಟ್ಟಿ ಬೇಕು. ಸಿಂದಗಿ ರಸ್ತೆಯಲ್ಲಿ ಬನಿಯನ್ನು, ಬರ್ಮುಡಾ ಹಾಕಿಕೊಂಡು ಒಬ್ಬ ಗೃಹಸ್ಥ ಓಡಿದ ಅಂದರೆ ಹಿಂದಿನಿಂದ ಬಂದ ಬೈಕು ನಿಲ್ಲದೆ ಇರುವುದಿಲ್ಲ.

“ಸರ, ಯಾರಿಗರೆ ಏನರೆ ಆತೇನ್ರಿ?”

“ಏನಿಲ್ಲೋ ತಮ್ಮಾ, ಸುಮ್ನ ಓಡಾಕತ್ತೀನಿ.”

“ಸುಮ್ನ ಯಾರರೆ ಓಡ್ತಾರೇನ್ರಿ? ಮನ್ಯಾಗ ಎಲ್ಲಾ ಆರಾಮ ಅದಾರಲ್ಲ? ಹತ್ರಿ, ಸ್ಟ್ಯಾಂಡ್ ತನಕ ಬಿಡ್ತೀನಿ.”

“ಬ್ಯಾಡೋ ಮಾರಾಯ, ತೂಕ ಇಳಸಾಕ ಓಡಾಕತ್ತೀನಿ.”

“ಅದಕ್ಕ ನಾ ಹೇಳೂದು, ಇಷ್ಟ ತೂಕ ಹೊತ್ಕೊಂಡು ಎಷ್ಟ ದೂರ ಓಡ್ತೀರಿ? ಹತ್ರಿ!”

ಇಷ್ಟು ಅಂತಃಕರಣದ ಎದುರು ಯಾವ ಛಲ ನಿಂತೀತು? ಹತ್ತಿಬಿಡುತ್ತಾರೆ. ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಆ ತಮ್ಮ ಚಹಾ ಕುಡಿಸದೆ ಬಿಡುವುದಿಲ್ಲ, ಚಹಾದ ಜೊತೆ ಮಿರ್ಚಿ ಭಜಿ ಬರದೆ ಇರುವುದಿಲ್ಲ. 70 ಕಿಲೋ ತೂಕದವರು 5 ಕಿ.ಮೀ. ಓಡಿದರೆ ಸುಟ್ಟೀತು ಸುಮಾರು 350 ಕ್ಯಾಲೊರಿ. ಓಡಿದ್ದು ಅರ್ಧ ಕಿ.ಮೀ., ತಿಂದದ್ದು ಪೂರ್ತಿ ಪ್ಲೇಟು. ಈ ವ್ಯವಹಾರಕ್ಕೆ ಯಾವ ಬ್ಯಾಂಕೂ ಸಾಲ ಕೊಡಲಾರದು.

ಓಟ ಬೇಡಪ್ಪ, ಬೇರೆ ಏನಾದರೂ ‘ಕಾರ್ಡಿಯೋ’ ಇದ್ದರೆ ಹೇಳಿ ಅನ್ನುವವರಿಗೆ ಇಲ್ಲಿ ಬರವೇನೂ ಇಲ್ಲ. ಸೈಕಲ್ಲು ತಗೊಳ್ಳಿ. ವಿಜಯಪುರ ಜಿಲ್ಲೆ ಮೊದಲಿನಿಂದಲೂ ಸೈಕಲ್ಲು ಓಡಿಸುವವರ ತವರು. ರಾಜ್ಯಕ್ಕೆ, ದೇಶಕ್ಕೆ ಸೈಕ್ಲಿಸ್ಟುಗಳನ್ನು ಕೊಟ್ಟ ನೆಲ. ಮೊಣಕಾಲು ನೋಯುವವರಿಗೆ ಓಟಕ್ಕಿಂತ ಇದು ವಾಸಿ, ಯಾಕೆಂದರೆ ಮೈಭಾರ ಸೀಟಿನ ಮೇಲಿರುತ್ತದೆ. ಒಂದೇ ತೊಡಕು: ಕಬ್ಬಿನ ಹಂಗಾಮಿನಲ್ಲಿ ಡಬಲ್ ಟ್ರಾಲಿ ಟ್ರ್ಯಾಕ್ಟರು ಜನಪದ ಹಾಡು ಹಚ್ಚಿಕೊಂಡು ಬಂದರೆ ಸೈಕಲ್ಲಿನವರು ರಸ್ತೆ ಬಿಟ್ಟು ತಗ್ಗಿಗೆ ಇಳಿಯಬೇಕು. ಆ ಹೊತ್ತಿನಲ್ಲಿ ಗುಂಡಿಗೆ ಬಡಿತ ಏರುವ ಪರಿಗೆ ಬೇರೆ ಕಾರ್ಡಿಯೋ ಬೇಕಿಲ್ಲ.

ಈಸು ಬರುವವರಿಗೆ ತೋಟದ ಬಾವಿ ಇದೆ. ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಅಣ್ಣನಿಂದಲೋ ಕಾಕಾನಿಂದಲೋ ನೂಕಿಸಿಕೊಂಡು ಕಲಿತವರು ನಮ್ಮಲ್ಲಿ ಎಷ್ಟು ಮಂದಿ! ಈಗ ಬೆಂಡಿನ ಜಾಗದಲ್ಲಿ ಎಣ್ಣೆಯ ಕ್ಯಾನು ಬಂದಿದೆ, ನೂಕುವ ಕಾಕಾ ಹಾಗೇ ಇದ್ದಾನೆ. ಕೀಲಿಗೆ ಭಾರವಿಲ್ಲದೆ ಮೈಗೆಲ್ಲ ಕೆಲಸ ಕೊಡುವುದರಲ್ಲಿ ಈಸಿಗೆ ಸಮ ಇಲ್ಲ. ಆದರೆ ಆಲಮಟ್ಟಿಯ ಕಾಲುವೆಗಳಲ್ಲಿ ಮಾತ್ರ ಈ ಆಟ ಬೇಡ. ಅಲ್ಲಿ ಸೆಳವು ಇದೆ, ಇಳಿಜಾರಿನ ಕಾಂಕ್ರೀಟು ಇದೆ, ಹತ್ತಿ ಬರಲಿಕ್ಕೆ ಹಿಡಿಕೆ ಇಲ್ಲ.

ಇನ್ನು ಜಿಮ್ಮಿನ ಟ್ರೆಡ್‌ಮಿಲ್ಲು. ಎಷ್ಟು ಓಡಿದರೂ ಇದ್ದಲ್ಲೇ ಇರುವ ಈ ಯಂತ್ರ ಉಳಿದ ಊರವರಿಗೆ ವಿಚಿತ್ರ ಅನಿಸಬಹುದು, ಮುದ್ದೇಬಿಹಾಳದವರಿಗೆ ಅಲ್ಲ. ಆಲಮಟ್ಟಿ–ಯಾದಗಿರಿ ರೈಲು ಮಾರ್ಗ ಕೊಡಿ ಅಂತ ಓಡಾಡಿ ಓಡಾಡಿ ಇದ್ದಲ್ಲೇ ಇರುವುದು ಅವರಿಗೆ ತಲೆಮಾರಿನ ರೂಢಿ. ಇಂಡಿ, ಬಾಗೇವಾಡಿಯವರಿಗೆ ರೈಲು ಉಂಟು, ಆದರೆ ಸ್ಟೇಷನ್ನು ಊರಿಂದ ದೂರ. ಆಟೋ ಸಿಗದ ದಿನ ಅವರ ವ್ಯಾಯಾಮಕ್ಕೆ ರೈಲ್ವೆ ಇಲಾಖೆಯದೇ ಏರ್ಪಾಡು.

ಮಳೆಗಾಲದ ಮಾತು ಬೇರೆಯೇ. ನಮ್ಮದು ಎರಿ ಭೂಮಿ. ಎರಡು ಹನಿ ಬಿದ್ದ ಮೇಲೆ ಹೊಲದ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ನೋಡಿ. ಬೂಟಿನ ತಳಕ್ಕೆ ಮಣ್ಣು ಮೆತ್ತಿ, ಆ ಮಣ್ಣಿಗೆ ಮತ್ತೆ ಮಣ್ಣು ಮೆತ್ತಿ, ಹತ್ತನೇ ಹೆಜ್ಜೆಗೆ ನೀವು ನಾಲ್ಕು ಬೆರಳು ಎತ್ತರವಾಗಿರುತ್ತೀರಿ. ಎಂಟು ಸಾವಿರ ಕೊಟ್ಟು ತಂದ ‘ಹಗುರ’ ಬೂಟನ್ನು ಕಡೆಗೆ ಕಟಿಗೆಯಿಂದ ಕೆರೆಯುತ್ತ ಕಟ್ಟೆಯ ಮೇಲೆ ಕೂಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಸೂರ್ಯ ಮೂಡುವ ಮೊದಲೇ ಮುಗಿಸಬೇಕು. ಬೆವರಿಗೆ ಇಂಡಿಯ ಲಿಂಬಿಹಣ್ಣು, ಚಿಟಿಕೆ ಉಪ್ಪು ಹಾಕಿದ ನೀರು ಒಳ್ಳೆಯದು. ಜಿಐ ಮಾನ್ಯತೆ ಪಡೆದ ಹಣ್ಣು ಮನೆ ಬಾಗಿಲಲ್ಲೇ ಇರುವಾಗ ಬಣ್ಣದ ಬಾಟಲಿ ಯಾಕೆ? ಸಕ್ಕರೆ ಮಾತ್ರ ಚಮಚದಲ್ಲಿ ಹಾಕಿ, ಮುಷ್ಟಿಯಲ್ಲಿ ಅಲ್ಲ.

ಹಂಗಾದರೆ ಇಷ್ಟರಲ್ಲಿ ಯಾವುದು ಚಲೋ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಕಸರತ್ತು, ಇಲ್ಲವೇ 75ರಿಂದ 150 ನಿಮಿಷ ಜೋರಿನದು. ಮಧ್ಯಮ ಎಂದರೆ ಎಷ್ಟು ಅಂತ ತಿಳಿಯಲು ಒಂದು ಲೆಕ್ಕವಿದೆ. 220ರಲ್ಲಿ ವಯಸ್ಸು ಕಳೆದರೆ ಗುಂಡಿಗೆಯ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. 45 ವರ್ಷದವರಿಗೆ 175. ಅವರಿಗೆ ನಿಮಿಷಕ್ಕೆ 112ರಿಂದ 133 ಬಡಿತ ಇದ್ದರೆ ಮಧ್ಯಮ. ಇದಕ್ಕೆಂದೇ ಕೈಗಡಿಯಾರ ಮಾರುತ್ತಾರೆ. ಕೊಂಡವರು ದಾರಿ ನೋಡುವುದು ಬಿಟ್ಟು ಮಣಿಕಟ್ಟು ನೋಡುತ್ತ ಎಮ್ಮೆಗೆ ಡಿಕ್ಕಿ ಹೊಡೆಯುತ್ತಾರೆ.

ಕಾಸು ಖರ್ಚಿಲ್ಲದ ಅಳತೆ ಇನ್ನೊಂದಿದೆ, ಅದನ್ನು ವೈದ್ಯರೂ ಒಪ್ಪುತ್ತಾರೆ. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಅಂದರೆ ಮಧ್ಯಮ. ನಾಲ್ಕು ಶಬ್ದಕ್ಕೆ ಒಮ್ಮೆ ಉಸಿರು ಬೇಕು ಅಂದರೆ ಜೋರು. ಅಳತೆಗೋಲು ಮಾತು ಅಂದ ಮೇಲೆ ನಮ್ಮ ನಾಲ್ಕು ತಾಲ್ಲೂಕನ್ನು ಸೋಲಿಸುವವರು ಯಾರು? ಮುಂಜಾನೆ ರಸ್ತೆಯ ಅಗಲಕ್ಕೂ ಸಾಲು ಹಿಡಿದು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು ಹೊರಡುವ ಅಕ್ಕಂದಿರನ್ನು ನೋಡಿ. ಬಂಗಾರದ ರೇಟಿನಿಂದ ಹೊರಟು, ಸೊಸೆಯ ತವರು ಮನೆ ಹಾದು, ಸೀರಿಯಲ್ಲಿನ ವಿಲನ್ನಿನ ತನಕ ಮುಟ್ಟಿ ತಿರುಗಿ ಬರುತ್ತಾರೆ. ಒಮ್ಮೆಯೂ ಮಾತು ನಿಂತಿಲ್ಲ, ಒಮ್ಮೆಯೂ ಕಾಲು ನಿಂತಿಲ್ಲ. ಹಾರ್ನು ಹೊಡೆದರೂ ದಾರಿ ಬಿಡದ ಈ ಗುಂಪಿಗಿಂತ ದೊಡ್ಡ ತಜ್ಞರು ಈ ವಿದ್ಯೆಯಲ್ಲಿ ಇಲ್ಲ.

ಹೀಗೆ ಮಾತಾಡುತ್ತ ನಡೆಯುವುದು ನಮಗೆ ಹೊಸದೂ ಅಲ್ಲ. ಸೀಗಿ ಹುಣ್ಣಿಮೆಯ ಹೊತ್ತಿಗೆ ತುಳಜಾಪುರದ ಅಂಬಾಭವಾನಿಗೆ ಹೊರಟ ಮಂದಿಯಿಂದ ಸೊಲ್ಲಾಪುರ ರಸ್ತೆ ಗಿಜಿಗುಡುತ್ತದೆ. ವಿಜಯಪುರದಿಂದ ಸೊಲ್ಲಾಪುರಕ್ಕೇ ಸುಮಾರು 100 ಕಿ.ಮೀ., ಅಲ್ಲಿಂದ ತುಳಜಾಪುರಕ್ಕೆ ಮತ್ತೆ 45. ಯುಗಾದಿಗೆ ಕಂಬಿ ಹೊತ್ತು ಶ್ರೀಶೈಲಕ್ಕೆ ಹೊರಡುವವರದು ಅದರ ಎರಡು ಪಟ್ಟು ಮೀರಿದ ದಾರಿ, ಅದೂ ಬಿರುಬಿಸಿಲಿನಲ್ಲಿ. ದಾರಿಯುದ್ದಕ್ಕೂ ಅಂಬಲಿ, ಮಜ್ಜಿಗೆ, ಕಾಲು ಒತ್ತುವವರು, ಮಾತು, ಭಜನೆ. ಇವರಲ್ಲಿ ಯಾರೂ ‘ಕಾರ್ಡಿಯೋ ಮಾಡಿ ಬಂದೆವು’ ಅಂತ ಸ್ಟೇಟಸ್ ಹಾಕುವುದಿಲ್ಲ. ಒಂದೇ ಕೊರತೆ, ವರ್ಷಕ್ಕೊಮ್ಮೆ ನಡೆದು ಉಳಿದ ದಿನ ಪಕ್ಕದ ಓಣಿಗೂ ಬೈಕು ತೆಗೆಯುತ್ತಾರೆ. ಗುಂಡಿಗೆಗೆ ಪುಣ್ಯ ಜಮಾ ಆಗುವುದು ವಾರದ ಲೆಕ್ಕದಲ್ಲಿ, ವರ್ಷದ ಲೆಕ್ಕದಲ್ಲಲ್ಲ.

ಓಟವೇ ಬೇಕು, ನಡಿಗೆ ಸಾಲದು ಅನ್ನುವವರಿಗೆ ಹಿರಿಯರ ಮೇಲ್ಪಂಕ್ತಿಯೂ ಇದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ 19ನೆಯವರಾಗಿ ಬಂದರು. ಆ ಸಲದ ಮ್ಯಾರಥಾನು 42.75 ಕಿ.ಮೀ.; ಒಲಿಂಪಿಕ್ಸಿನ ಇತಿಹಾಸದಲ್ಲೇ ಅತಿ ಉದ್ದದ್ದು. ನಿಮಗೆ ಅಷ್ಟು ಬೇಡ. ಚಳಿಗಾಲದಲ್ಲಿ ವಿಜಯಪುರದಲ್ಲಿ ವೃಕ್ಷೋಥಾನ್ ಓಟ ನಡೆಯುತ್ತದೆ, ಅದರಲ್ಲಿ 5 ಕಿ.ಮೀ. ಕೂಡ ಇದೆ. ಅದರ ಮೇಲೆ ಕಣ್ಣಿಟ್ಟು ಕಂಬ ಎಣಿಸಲು ಶುರು ಮಾಡಿ. ಶುಗರಿಗೆ ಗುಳಿಗೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳಿ ಹೊರಡಿ. ಕಿಸೆಯಲ್ಲಿ ಬೆಲ್ಲದ ಚೂರು ಇರಲಿ, ಓಡುವಾಗ ಸಕ್ಕರೆ ತಟ್ಟನೆ ಇಳಿಯುವುದುಂಟು. ಎದೆ ಹಿಡಿದುಕೊಂಡರೆ ಮಾತ್ರ ಅಲ್ಲೇ ನಿಲ್ಲಿ. ಆಗ ಬೈಕಿನ ತಮ್ಮ ಬಂದರೆ ಎರಡು ಮಾತಿಲ್ಲದೆ ಹತ್ತಿ ದವಾಖಾನೆಗೆ ನಡೆಯಿರಿ.

ಉಳಿದಂತೆ ಬೂಟು, ಗಡಿಯಾರ ಆಮೇಲೆ ಆದೀತು, ಮೊದಲು ಜೋಡಿ ಹುಡುಕಿ. ಬೀಗರು ಬೇಡ, ಗುಂಡಿಗೆ ಬಡಿದದ್ದು ನಡಿಗೆಗೋ ಮದುವಿ ಖರ್ಚಿಗೋ ತಿಳಿಯುವುದಿಲ್ಲ. ಎದುರು ಪಾರ್ಟಿಯವರಾದರೆ ಅಡ್ಡಿಯಿಲ್ಲ, ಐದು ಕಿ.ಮೀ. ಐದು ಹೆಜ್ಜೆಯಾಗುತ್ತದೆ. ಕೈಗಡ ಕೊಟ್ಟ ಸಾವಕಾರರ ಜೊತೆ ಮಾತ್ರ ಯಾವ ಕಾರಣಕ್ಕೂ ಹೊರಡಬೇಡಿ. ಅವರ ಮೊದಲನೇ ಪ್ರಶ್ನೆಗೇ ನಿಮ್ಮ ಬಾಯಿ ಕಟ್ಟುತ್ತದೆ. ಮಾತು ನಿಂತಿತೆಂದರೆ, ಗೊತ್ತಲ್ಲ, ವೇಗ ಅಳತೆ ಮೀರಿತು ಅಂತಲೇ ಲೆಕ್ಕ.