ಗಿಟುಕುಶಾಸ್ತ್ರದ ಬೆಳಕಿನಲ್ಲಿ ಗಣಕಸ್ತಂಭನ: ತೆಂಗುಸೀಮೆಯ ಯಂತ್ರದೋಷ ಮೀಮಾಂಸೆ

ಕೊಬ್ಬರಿ ಚೀಲದ ಲೆಕ್ಕ, ತೂಕ, ದರ ಮೂರನ್ನೂ ತುಂಬಿ ಇನ್ನೇನು 'ಸೇವ್' ಒತ್ತಬೇಕೆನ್ನುವಾಗ ಪರದೆ ನೀಲಿಯಾಗುವುದಕ್ಕೆ ಗಣಕಸ್ತಂಭನವೆಂದು ಹೆಸರು. ಸೇವ್ ಆದಮೇಲೆ ನಿಂತರೆ ಅದು ಸ್ತಂಭನವಲ್ಲ, ವಿಶ್ರಾಂತಿ. ಇದರ ಕಾರಣದ ಬಗ್ಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಮೂರು ಪಂಥಗಳಿವೆ. ವೈರಸ್‌ವಾದಿಗಳ ಪ್ರಕಾರ ರಜೆಗೆ ಬಂದ ಮೊಮ್ಮಗನ ಗೇಮೇ ಸರ್ವದೋಷಮೂಲ. ಫಾರ್ಮ್ಯಾಟ್‌ವಾದಿಗಳು ಕಾರಣ ಕೇಳುವ ಗೋಜಿಗೇ ಹೋಗುವುದಿಲ್ಲ. ತಾಡನವಾದಿಗಳು ಪೆಟ್ಟಿಗೆಯ ಮಗ್ಗುಲಿಗೆ ಅಂಗೈಯಿಂದ ಬಡಿಯುತ್ತಾರೆ. ಯಂತ್ರ ಚಾಲೂ ಆಗುತ್ತದೆ. ವಿದ್ವಾಂಸರು ಹಗುರವಾಗಿ ಕಂಡಿರುವ ಈ ಮೂರನೆಯ ಪಂಥವೇ ಸತ್ಯಕ್ಕೆ ಹತ್ತಿರ. ಏಟಿಗೆ ಸರಿಹೋಗುವ ದೋಷ ತಂತ್ರಾಂಶದ್ದಾಗಿರಲಾರದು. ಎಲ್ಲೋ ಒಂದು ಕೊಂಡಿ ಸಡಿಲವಾಗಿದೆ.

ಸಿದ್ಧಾಂತಕ್ಕೆ ಆಧಾರ ಗಿಟುಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯಲ್ಲಿ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟಾಗ, ಕಿವಿಯ ಬಳಿ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಒಡೆಯದೆ ಒಳಗನ್ನು ಅರಿಯುವ ಈ ವಿದ್ಯೆ ಗಣಕಕ್ಕೂ ಸಲ್ಲುತ್ತದೆ, ಆದರೆ ಫಲ ತಿರುವುಮುರುವು: ಸದ್ದು ಮಾಡುವ ಗಿಟುಕು ಪಕ್ವ, ಸದ್ದು ಮಾಡುವ ಹಾರ್ಡ್‌ಡಿಸ್ಕ್ ಕೌಟು. ಟಿಕ್ ಟಿಕ್ ಎನ್ನುತ್ತಿದ್ದರೆ ಓದುವ ತಲೆ ತಟ್ಟೆಯ ಮೇಲೆ ಜಾಗ ಹುಡುಕಿ ಸೋಲುತ್ತಿದೆಯೆಂದು ತಿಳಿದು, ಇರುವ ಲೆಕ್ಕವನ್ನು ಕೂಡಲೇ ಬೇರೆಡೆಗೆ ನಕಲಿಸತಕ್ಕದ್ದು. ಅಲ್ಲಾಡಿಸಿ ನೋಡುವುದು ಇಲ್ಲಿ ನಿಷಿದ್ಧ.

ಡಿಸ್ಕ್ ಮೌನವಾಗಿದ್ದು, ನೀಲಿ ಪರದೆಯ ಸಂಕೇತ ದಿನಕ್ಕೊಂದು ಬಗೆಯಾಗಿದ್ದರೆ ಮೊದಲ ಗುಮಾನಿ ರ‍್ಯಾಮ್ ಮೇಲೆ. ವಿದ್ಯುತ್ ಕಿತ್ತು, ರ‍್ಯಾಮ್ ಪಟ್ಟಿ ಹೊರತೆಗೆದು, ಅದರ ಚಿನ್ನದ ಹಲ್ಲುಗಳನ್ನು ಶಾಲಾ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಕೂರಿಸಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡಬೇಕು. ಒಟ್ಟಿಗೆ ಎರಡನ್ನೂ ಬದಲಿಸಿದವರಿಗೆ ಯಂತ್ರ ಸಿಗುತ್ತದೆ, ಜ್ಞಾನ ಸಿಗುವುದಿಲ್ಲ. ಆಮೇಲೆ ಮೆಮ್‌ಟೆಸ್ಟ್86 ಎಂಬ ಪರೀಕ್ಷೆಯನ್ನು ರಾತ್ರಿಯಿಡೀ ಓಡಿಸುವುದು ಪದ್ಧತಿ. ನಡುರಾತ್ರಿ ತ್ರೀಫೇಸ್ ಬಂದು ಊರಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಎದ್ದು, ಪರೀಕ್ಷೆಯೇ ಸ್ತಂಭಿಸಿದರೆ ಪಾಪ, ರ‍್ಯಾಮನ್ನು ದೂರಬಾರದು.

ರ‍್ಯಾಮಿನ ಒಂದೇ ಒಂದು ಬಿಟ್ ತಾನಾಗಿ ಪಲ್ಟಿ ಹೊಡೆಯುವುದೂ ಉಂಟು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಚುನಾವಣಾ ಅಭ್ಯರ್ಥಿಯೊಬ್ಬರಿಗೆ 4096 ಮತ ಹೆಚ್ಚಾಗಿ ಬಂದವು. ಎರಡರ ಹನ್ನೆರಡನೇ ಘಾತವೇ ಈ ಸಂಖ್ಯೆ. ಯಂತ್ರದಲ್ಲಿ ದೋಷ ಕಾಣದೆ, ಕೊನೆಗೆ ಅಂತರಿಕ್ಷದ ಕಿರಣದ ಮೇಲೆ ಶಂಕೆ ಹೋಯಿತು. ಕ್ವಿಂಟಾಲ್ ಕೊಬ್ಬರಿಯ ದರಕ್ಕೆ ಇಂಥದ್ದೇ ಕಿರಣ ತಾಗಲೆಂದು ಹಾರೈಸುವ ಬೆಳೆಗಾರರು, ಅದೇ ಬಿಟ್ ಕೆಳಮುಖವಾಗಿಯೂ ಪಲ್ಟಿಯಾಗಬಲ್ಲದೆಂಬುದನ್ನು ಗಮನಿಸಿಲ್ಲ.

ಸಂಕೇತವೇ ಇಲ್ಲದೆ ಯಂತ್ರ ತಟಕ್ಕನೆ ಆರಿದರೆ ಕಾರಣ ಬಿಸಿ ಅಥವಾ ವಿದ್ಯುತ್ ಉಣಿಸುವ ಎಸ್‌ಎಂಪಿಎಸ್. ಬಹುಪಾಲು ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತಮ್ಮ ಪ್ರಾಣ ತಾವೇ ಉಳಿಸಿಕೊಳ್ಳುತ್ತವೆ. ಫ್ಯಾನಿಗೆ ಮೆತ್ತಿದ ಧೂಳಿನಿಂದ ಯಂತ್ರದ ತಾಲ್ಲೂಕು ಹೇಳಬಹುದೆಂಬ ಒಂದು ವಾದವಿದೆ: ನಾರಿನ ಹೊಟ್ಟಾದರೆ ತಿಪಟೂರು, ಕೆಂಪು ಮಣ್ಣಾದರೆ ಚಿಕ್ಕನಾಯಕನಹಳ್ಳಿ. 2011ರಲ್ಲಿ ಸುಪ್ರೀಂ ಕೋರ್ಟ್ ಈ ತಾಲ್ಲೂಕುಗಳಿರುವ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದ ಬಳಿಕ ಕೆಂಪು ಧೂಳಿನ ಪೂರ್ವಾಪರ ವಿವಾದಾಸ್ಪದ. ತುರುವೇಕೆರೆಯ ಧೂಳಿನ ಲಕ್ಷಣವನ್ನು ಈ ವಾದ ಹೇಳುವುದಿಲ್ಲ. ವಾದದ ದೊಡ್ಡ ಕೊರತೆ ಇದೇ. ಮದರ್‌ಬೋರ್ಡಿನ ಕೆಪಾಸಿಟರುಗಳ ನೆತ್ತಿ ಉಬ್ಬಿದ್ದರೆ ಮುಂದಿನ ಚರ್ಚೆ ಅನಗತ್ಯ. ದಿನಾಂಕ ಮಾತ್ರ ತಪ್ಪುತ್ತಿದ್ದರೆ ಮೂರು ವೋಲ್ಟಿನ ಬಿಲ್ಲೆ ಸೆಲ್ ಬದಲಿಸಿದರೆ ಸಾಕು.

ಇಷ್ಟೆಲ್ಲ ಮುಗಿದರೂ ಸ್ತಂಭನ ನಿಲ್ಲದಿದ್ದರೆ ಗೋಡೆಯ ಪ್ಲಗ್ಗಿನ ಅರ್ತಿಂಗ್ ನೋಡಬೇಕು. ಉಪ್ಪು, ಇದ್ದಿಲು ತುಂಬಿದ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ. ಪಕ್ಕದ ತೆಂಗಿಗೆ ದಿನವೂ ನೀರು ಬಿಡುವವರು ಅದನ್ನು ಮರೆತಿರುತ್ತಾರೆ. ಎರಡು ಕೊಡ ಸುರಿದ ಮೇಲೆ ಯಂತ್ರ ನೆಟ್ಟಗೆ ನಡೆದರೆ ಗಣಕ ನಿರ್ದೋಷಿ. ಅಷ್ಟರಲ್ಲಿ ಬದಲಿಸಿದ ಬಿಡಿಭಾಗಗಳ ಬಿಲ್ಲು ಮಾತ್ರ ಊರ್ಜಿತ.