ಬೀರು ತೆರೆಯುವ ಮುನ್ನ ಓದಿ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗ್ರಂಥಾಲಯದ ಚಾರ್ಜು ವಹಿಸಿಕೊಂಡ ತಮಗೆ ಅಭಿನಂದನೆಗಳು. ಇಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲವಾದ್ದರಿಂದ ಬಿಸಿಯೂಟ, ಮೊಟ್ಟೆ-ಬಾಳೆಹಣ್ಣು, ಜನಗಣತಿ, ಮತದಾರರ ಪಟ್ಟಿಗಳ ನಡುವೆ ಈ ಭಾಗ್ಯವೂ ತಮ್ಮ ಪಾಲಿಗೆ ಬಂದಿದೆ. ಈ ಕೈಪಿಡಿಯನ್ನು ಪೂರ್ತಿ ಓದದೆ ಬೀಗ ಮುಟ್ಟಬೇಡಿ.

1. ಸಲಕರಣೆಗಳು

ಕಬ್ಬಿಣದ ಬೀರು ಒಂದು. ಅದಕ್ಕೆ ಬೀಗದ ಕೈ ಎರಡು: ಒಂದು ಕಳೆದಿದೆ, ಇನ್ನೊಂದು ಹೆಡ್‌ಮಾಸ್ಟರ ಡ್ರಾಯರಿನಲ್ಲಿದೆ, ಡ್ರಾಯರಿನ ಕೀಲಿ ಅವರ ಜೇಬಿನಲ್ಲಿ ಬಿಇಒ ಕಚೇರಿಯ ಮೀಟಿಂಗಿಗೆ ಹೋಗಿದೆ. ದಾಸ್ತಾನು ವಹಿ ಒಂದು, ವಿತರಣಾ ವಹಿ ಒಂದು, ಒಣಗಿದ ಸ್ಟ್ಯಾಂಪ್ ಪ್ಯಾಡು, ಶಾಲೆಯ ಮೊಹರು. ಜೊತೆಗೆ ಒಂದಿಷ್ಟು ಪುಸ್ತಕಗಳೂ ಉಂಟು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕ, ಎಲ್ಲ ವಿಷಯಗಳ ಪುಸ್ತಕ, ಕಥೆಪುಸ್ತಕ ಇರಬೇಕು. ಬೀರುವಿನ ಹೊರಗೆ ಇರಬೇಕೆಂದು ಎಲ್ಲಿಯೂ ಬರೆದಿಲ್ಲ ಎಂಬುದನ್ನು ಗಮನಿಸಿರಿ.

ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಮೊದಲನೆಯದು, ಪುಸ್ತಕವಿರುವುದು ಬಳಕೆಗೆ ಎಂದು. ಅದನ್ನು ವಿವರಿಸುತ್ತ ಅವರು ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಟ್ಟಿಹಾಕುತ್ತಿದ್ದುದನ್ನು ನೆನಪಿಸಿದರು. ನಾವು ಆ ಕಾಲದಿಂದ ಬಹಳ ಮುಂದೆ ಬಂದಿದ್ದೇವೆ. ಸರಪಳಿಯ ಪುಸ್ತಕವನ್ನು ನಿಂತಾದರೂ ಓದಬಹುದಿತ್ತು.

2. ಪುಸ್ತಕ ಕೊಡುವ ಕ್ರಮ

ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಸಾರ್, ಆ ನರಿ ಚಿತ್ರದ್ದು ಕೊಡ್ತೀರಾ?” ಎಂದು ಕೇಳಿದಳೆನ್ನಿ. ಗಾಬರಿಯಾಗಬೇಡಿ.

ಅ) ಕೈ ತೋರಿಸು ಎನ್ನಿರಿ. ಬಿಸಿಯೂಟದ ಸಾಂಬಾರಿನ ಗುರುತಿದ್ದರೆ ಅಲ್ಲಿಗೇ ಮುಗಿಯಿತು.

ಆ) ಕೈ ತೊಳೆದು ಬಂದರೆ, ಗ್ರಂಥಾಲಯದ ಪೀರಿಯಡ್ಡು ಶನಿವಾರ ಎಂದು ತಿಳಿಸಿರಿ. ಶನಿವಾರ ಬೆಳಗಿನ ಶಾಲೆ. ಡ್ರಿಲ್ಲು ಮುಗಿಯುವಷ್ಟರಲ್ಲಿ ಮನೆಗೆ ಬಿಡುವ ಹೊತ್ತು.

ಇ) ಮುಂದಿನ ಶನಿವಾರವೂ ಬಂದರೆ ವಿತರಣಾ ವಹಿ ತೆರೆಯಿರಿ. ಕ್ರಮಸಂಖ್ಯೆ, ಹೆಸರು, ತರಗತಿ, ಸ್ಟಾಕ್ ನಂಬರು, ಕೊಟ್ಟ ದಿನಾಂಕ, ಹಿಂದಿರುಗಿಸುವ ದಿನಾಂಕ, ಸಹಿ, ಷರಾ. ನಾಲ್ಕನೇ ಕಾಲಮ್ಮಿಗೆ ಬರುವಾಗ ಗಂಟೆ ಹೊಡೆದಿರುತ್ತದೆ.

ಈ) ಇಷ್ಟಾದರೂ ಹಟ ಬಿಡದಿದ್ದರೆ, ನರಿಯ ಬದಲು ಯಾವುದಾದರೂ ಇಲಾಖೆಯ ವಾರ್ಷಿಕ ವರದಿಯನ್ನು ಕೊಟ್ಟು ಕಳಿಸಿರಿ. ಅದು ಖಂಡಿತ ವಾಪಸು ಬರುತ್ತದೆ, ಅದೂ ಮಾರನೆಯ ದಿನವೇ. ಓದುಗನಿಗೆ ತಕ್ಕ ಪುಸ್ತಕ ಎಂಬುದು ರಂಗನಾಥನ್ ಅವರ ಎರಡನೆಯ ಸೂತ್ರ. ಅವರಿಗೆ ದಾಸ್ತಾನು ತಪಾಸಣೆಯ ಚಿಂತೆ ಇದ್ದಂತಿಲ್ಲ.

3. ಪುಸ್ತಕದ ಆರೈಕೆ

ಪುಸ್ತಕಕ್ಕೆ ಮೂವರು ಶತ್ರುಗಳು: ಗೆದ್ದಲು, ಸಿಲ್ವರ್‌ಫಿಶ್, ಮಗು. ಮೊದಲಿಬ್ಬರಿಂದ ಸಹಿ ಪಡೆಯಲಾಗದ ಕಾರಣ ಮೂರನೆಯವರ ಮೇಲೆ ನಿಗಾ ಇಡುವುದು ವಾಡಿಕೆ.

ಬೀರುವನ್ನು ತೇವದ ಗೋಡೆಗೆ ಒತ್ತಿ ನಿಲ್ಲಿಸಿದರೆ ಗೆದ್ದಲಿಗೆ ದಾರಿ ಸಲೀಸು. ಸಿಲ್ವರ್‌ಫಿಶ್‌ಗೆ ಬೇಕಾದದ್ದು ಕತ್ತಲು, ತೇವ, ಯಾರ ಕೈಯೂ ಆಡದ ಮೂಲೆ, ಬೈಂಡಿನ ಗಂಜಿಯ ಅಂಟು. ಈ ನಾಲ್ಕನ್ನೂ ಒದಗಿಸುವ ವ್ಯವಸ್ಥೆಗೆ ಬೀಗ ಹಾಕಿದ ಬೀರು ಎನ್ನುತ್ತಾರೆ. ಆಗಾಗ ಬಿಚ್ಚಿ, ಗಾಳಿಯಾಡಿ, ಕೈಯಿಂದ ಕೈಗೆ ಹೋಗುವ ಪುಸ್ತಕದಲ್ಲಿ ಈ ಹುಳು ಸಂಸಾರ ಹೂಡುವುದು ಕಷ್ಟ. ನುಸಿಗುಳಿಗೆ ಹಾಕಿದರೆ ಹುಳುವಿಗಿಂತ ಮೊದಲು ಮಕ್ಕಳು ದೂರ ಸರಿಯುತ್ತಾರೆ.

ಹರಿದ ಹಾಳೆಗೆ ಸೆಲ್ಲೋಟೇಪು ಬೇಡ. ವರ್ಷಗಳು ಕಳೆದಂತೆ ಟೇಪು ಹಳದಿಯಾಗಿ ಕಿತ್ತುಬರುತ್ತದೆ, ಅದರ ಅಂಟು ಮಾತ್ರ ಕಾಗದದಲ್ಲೇ ಕಲೆಯಾಗಿ ಕೂರುತ್ತದೆ. ತೆಳು ಕಾಗದದ ಪಟ್ಟಿಗೆ ಮೈದಾ ಅಂಟು ಸವರಿ ಹಚ್ಚಿದರೆ ಸಾಕು. ಬೈಂಡು ಹಾಕುವವರು ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತು ಬೆರೆಸುವುದುಂಟು. ಅದು ವಿಷ, ಶಾಲೆಗೆ ತರಬೇಡಿ.

ಎಲ್ಲ ಪುಸ್ತಕಗಳಿಗೂ ಕಂದು ಕಾಗದದ ಬೈಂಡು ಹಾಕಿಸಿರಿ. ಆಗ ನರಿ ಯಾವುದು, ವಾರ್ಷಿಕ ವರದಿ ಯಾವುದು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಪುಟಗಳ ನಡುವೆ ನವಿಲುಗರಿ ಸಿಕ್ಕರೆ ಮಾತ್ರ ತಕ್ಷಣ ವಿಚಾರಣೆ ನಡೆಸಿರಿ: ಯಾರೋ ಆ ಪುಸ್ತಕವನ್ನು ಮನೆಗೆ ಒಯ್ದಿದ್ದಾರೆ.

4. ತಂತ್ರಜ್ಞಾನ

ಕಂಪ್ಯೂಟರನ್ನು ಹೊದಿಕೆಯ ಸಮೇತ ಪೂಜಿಸುವುದು ಆಯುಧಪೂಜೆಯಂದು. ಉಳಿದ ದಿನ ಹೊದಿಕೆ ಸಾಕು. ಹಿಂದಿನವರು ನುಡಿ ತಂತ್ರಾಂಶದಲ್ಲಿ ಟೈಪಿಸಿಟ್ಟ ಪುಸ್ತಕಪಟ್ಟಿ, ಆ ಫಾಂಟು ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ತೆರೆದುಕೊಳ್ಳುತ್ತದೆ. ಅದನ್ನು ಮುದ್ರಿಸಿ ಫೈಲಿಗೆ ಸೇರಿಸಿರಿ, ಯಾರೂ ಪ್ರಶ್ನಿಸಲಾರರು.

ಪಠ್ಯಪುಸ್ತಕದ ಕ್ಯೂಆರ್ ಕೋಡು ದೀಕ್ಷಾ ತಾಣಕ್ಕೆ ಒಯ್ಯುತ್ತದೆ, ಫೋನು ಹೊಲಕ್ಕೆ ಹೋದ ಅಪ್ಪನ ಜೇಬಿನಲ್ಲಿ ಇಲ್ಲದಿದ್ದರೆ. ಇದಕ್ಕಿಂತ ಅಪಾಯಕಾರಿಯಾದದ್ದು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣ. ಅಲ್ಲಿ ಕನ್ನಡದ ಮಕ್ಕಳ ಕಥೆಗಳನ್ನು ಚಿತ್ರಗಳ ಸಮೇತ ಕಾಸಿಲ್ಲದೆ ಓದಬಹುದು, ಮುದ್ರಿಸಬಹುದು, ಹಂಚಬಹುದು. ಸ್ಟಾಕ್ ನಂಬರಿಲ್ಲ, ಸಹಿ ಇಲ್ಲ, ಕಳೆದರೆ ಕೇಳುವವರಿಲ್ಲ. ಶಾಲೆಯ ಟಿವಿಗೆ ಯಾರಾದರೂ ಅದನ್ನು ಜೋಡಿಸಿದರೆ ಇಡೀ ತರಗತಿ ಒಟ್ಟಿಗೆ ಓದಿಬಿಡುವ ಸಂಭವವಿದೆ.

5. ದೋಷ ಮತ್ತು ಪರಿಹಾರ

ದೋಷ: ಒಂದು ಪುಸ್ತಕ ಕಳೆದಿದೆ. ಪರಿಹಾರಕ್ಕೆ ಈ ಕೈಪಿಡಿ ತಮಾಷೆ ಬಿಡಬೇಕಾಗುತ್ತದೆ. ವರ್ಗಾವಣೆಯ ದಿನ ಚಾರ್ಜು ಒಪ್ಪಿಸುವಾಗ ಲೆಕ್ಕ ತಾಳೆಯಾಗದಿದ್ದರೆ ಸಂಬಳದಿಂದ ಮುರಿದುಕೊಂಡಾರೆಂಬ ಮೇಷ್ಟರ ಭಯವೇ ಬೀರುವಿನ ನಿಜವಾದ ಬೀಗ. ಅವರನ್ನು ಬೈದು ಪ್ರಯೋಜನವಿಲ್ಲ.

ಕೇಂದ್ರ ಸರ್ಕಾರ ತನ್ನ ಗ್ರಂಥಾಲಯಗಳಿಗಾಗಿ ಈ ಭಯಕ್ಕೆ ಮದ್ದು ಬರೆದಿಟ್ಟಿದೆ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಓದಲು ಕೊಟ್ಟ ಅಥವಾ ನೋಡಲು ತೆಗೆದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ. ಅಪ್ರಾಮಾಣಿಕತೆಯೋ ನಿರ್ಲಕ್ಷ್ಯವೋ ಇರಬಾರದು. ಲೆಕ್ಕ ಬೀರುವಿನಲ್ಲಿರುವ ಪುಸ್ತಕಗಳ ಮೇಲಲ್ಲ, ಹೊರಗೆ ಹೋದವುಗಳ ಮೇಲೆ. ಒಂದನ್ನೂ ಕೊಡದವರಿಗೆ ಒಂದನ್ನೂ ಕಳೆಯುವ ಹಕ್ಕಿಲ್ಲ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಮುಂದಿನ ಸಭೆಯಲ್ಲಿ ಇದೇ ರಿಯಾಯಿತಿಯನ್ನು ನಿಮ್ಮ ಶಾಲೆಗೂ ಠರಾವು ಮಾಡಿ, ನಡಾವಳಿಯಲ್ಲಿ ಬರೆಸಿ, ಮೇಷ್ಟರ ಕೈಗೆ ಒಂದು ಪ್ರತಿ ಕೊಡಿ. ಆಮೇಲೆ ದಾಸ್ತಾನು ವಹಿಯನ್ನು ಪಕ್ಕಕ್ಕಿಟ್ಟು ವಿತರಣಾ ವಹಿಯನ್ನು ತರಿಸಿ ನೋಡಿ. ಐದು ಪುಸ್ತಕ ಕಳೆದ ಲೆಕ್ಕ ಕೇಳುವ ಮೊದಲು, ಸಾವಿರ ಸಲ ಕೊಟ್ಟ ಲೆಕ್ಕ ಕೇಳಿ.