ಅಳಿಯದೇವರುಗಳಿಗೆ ಮಾವನ ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಚಿ|| ರಾ|| ಸಮಸ್ತ ಅಳಿಯದೇವರುಗಳಿಗೆ ಬೆಂಗಳೂರಿನಿಂದ ಒಬ್ಬ ಮಾವನ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ತಾವು ವಾಟ್ಸಾಪಿನಲ್ಲಿ ಕಳಿಸಿದ ಎಕ್ಸೆಲ್ ಹಾಳೆ ತಲುಪಿತು. ಮನೆಮಟ್ಟಿಗೆ ಒಂದು ಉತ್ತರ ಬರೆದು ಸುಮ್ಮನಾಗಬಹುದಿತ್ತು. ಆದರೆ ಲಾಲ್‌ಬಾಗಿನ ಬೆಳಗಿನ ವಾಕಿಂಗಿನಲ್ಲಿ ವಿಚಾರಿಸಿದರೆ, ಮಗಳು ಅಮೆರಿಕದಲ್ಲಿರುವ ಪ್ರತಿಯೊಬ್ಬ ಮಾವನ ಫೋನಿನಲ್ಲೂ ಇದೇ ಹಾಳೆ ಇದೆ. ಬಣ್ಣ ಮಾತ್ರ ಬೇರೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಪತ್ರ. ನನ್ನ ಅಳಿಯಂದಿರ ಹೆಸರು ಬರೆಯುವುದಿಲ್ಲ. ನಾನಿನ್ನೂ ಮಗಳ ಮನೆಗೆ ಹೋಗಬೇಕಾಗಿದೆ.

ಮೊದಲು ಮೆಚ್ಚುಗೆ. ಜುಲೈ ತಿಂಗಳಲ್ಲಿ, ಒಂಬತ್ತೇ ದಿನದಲ್ಲಿ, ಯೊಸೆಮಿಟಿ, ಡೆತ್ ವ್ಯಾಲಿ, ಗ್ರ್ಯಾಂಡ್ ಕ್ಯಾನಿಯನ್, ಆರ್ಚಸ್, ಬ್ರೈಸ್, ಝಯಾನ್, ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್ ಎಂದು ಎಂಟು ರಾಷ್ಟ್ರೀಯ ಉದ್ಯಾನಗಳು! ನೋಡುವ ಜಾಗಕ್ಕೆ ಹಸಿರು ಬಣ್ಣ, ಊಟಕ್ಕೆ ಹಳದಿ, "ಸಮಯ ಉಳಿದರೆ" ಎಂಬುದಕ್ಕೆ ಕೆಂಪು. ಕೂಡಿಸಿ ನೋಡಿದೆ, ಐದು ಸಾವಿರ ಕಿಲೋಮೀಟರಿಗೆ ಕಡಿಮೆಯಿಲ್ಲ. ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ಬಂದು, ಸ್ನಾನವನ್ನೂ ಮಾಡದೆ ಮುಂಬೈಗೆ ಹೊರಡುವಷ್ಟು ದೂರ. ಇದನ್ನು ತಾವು "ರಿಲ್ಯಾಕ್ಸ್ಡ್ ಟ್ರಿಪ್" ಎಂದು ಹೆಸರಿಸಿದ್ದೀರಿ.

ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಶೆಡ್ಯೂಲ್ ಬರೆದು ಬರೆದೇ ತಲೆ ನರೆತವನು. ನಮ್ಮಲ್ಲಿ ಫಾರಂ ನಾಲ್ಕು ಅಂತ ಒಂದು ಕಾಗದವಿದೆ. ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಚಾಲಕನ ಊಟ, ವಿಶ್ರಾಂತಿ ಲೆಕ್ಕಕ್ಕೆ ಬಾರದ ಶೆಡ್ಯೂಲನ್ನು ಯಾವ ಡಿಪೋದಲ್ಲೂ ಓಡಿಸಲಾಗದು. ತಮ್ಮ ಹಾಳೆಯಲ್ಲಿ ಫೋಟೋಕ್ಕೆ ಕಾಲಂ ಇದೆ, ಕಾಫಿಗೆ ಇದೆ, ಚಾಲಕನ ನಿದ್ದೆಗೆ ಇಲ್ಲ. ಚಾಲಕರು ತಾವೇ ಆದ್ದರಿಂದ ಕೇಳುವ ಯೂನಿಯನ್ನೂ ಇಲ್ಲ.

ಮೊದಲ ದಿನವನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಯೊಸೆಮಿಟಿ, ಮಧ್ಯಾಹ್ನ ಟಯೋಗಾ ಪಾಸ್, ರಾತ್ರಿ ಡೆತ್ ವ್ಯಾಲಿ. ಟಯೋಗಾ ಪಾಸ್ ಇರುವುದು 3,031 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಲ್ಲಿಂದ ಇಳಿದು ಹೋಗುವ ಡೆತ್ ವ್ಯಾಲಿಯ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ತಮ್ಮ ಅತ್ತೆಯವರಿಗೆ ಮಧ್ಯಾಹ್ನ ಮಂಕಿ ಕ್ಯಾಪು ಹಾಕಿಸಿ, ಸಂಜೆಗೆ ಒದ್ದೆ ಟವೆಲ್ಲು ಸುತ್ತಿಸುವ ಈ ಏರ್ಪಾಟು ಸಾಮಾನ್ಯರ ತಲೆಗೆ ಹೊಳೆಯುವಂಥದಲ್ಲ. ಟಯೋಗಾ ರಸ್ತೆ ಚಳಿಗಾಲವಿಡೀ ಹಿಮದಡಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತಾರೆ. 2023ರಲ್ಲಿ ಹಿಮ ವಿಪರೀತ ಬಿದ್ದು ಜುಲೈ 22ರವರೆಗೂ ತೆರೆಯಲಿಲ್ಲ. ಆ ರಸ್ತೆ ಮುಚ್ಚಿದ್ದರೆ ಯಾವ ದಾರಿ ಎಂಬ ಜಾಗದಲ್ಲಿ ತಾವು ಒಂದು ನಗುವ ಮುಖ ಹಾಕಿದ್ದೀರಿ.

ಡೆತ್ ವ್ಯಾಲಿಯನ್ನು ಜುಲೈನಲ್ಲೇ ತೋರಿಸಬೇಕೆಂದದ್ದು ನಮ್ಮ ಮೇಲಿನ ಪ್ರೀತಿಯಿಂದ ಎಂದೇ ನಂಬಿದ್ದೇನೆ. 1913ರ ಜುಲೈ 10ರಂದು ಅಲ್ಲಿ ದಾಖಲಾದ 56.7 ಡಿಗ್ರಿ ಇವತ್ತಿಗೂ ಲೋಕದ ದಾಖಲೆ. ಈಗಲೂ ಜುಲೈ ಮಧ್ಯಾಹ್ನ 47 ಡಿಗ್ರಿ ಎಂದರೆ ಅಲ್ಲಿನವರು ಮಾತಾಡುವ ವಿಷಯವೇ ಅಲ್ಲ. ಬೆಳಿಗ್ಗೆ ಹತ್ತರ ಮೇಲೆ ಕಣಿವೆಯ ತಳದಲ್ಲಿ ಕಾಲ್ನಡಿಗೆ ಬೇಡ ಎಂದು ಉದ್ಯಾನದವರೇ ಎಚ್ಚರಿಸುತ್ತಾರೆ. ರಾಯಚೂರಿನವರೇ ಕೈಮುಗಿಯುವ ಬಿಸಿಲಿಗೆ ಜಯನಗರದ ಸಕ್ಕರೆ ಕಾಯಿಲೆಯವರನ್ನು ಇಳಿಸಿ ಫೋಟೋ ತೆಗೆಯುವುದಕ್ಕೆ ತಾವು ಕೊಟ್ಟಿರುವ ಸಮಯ ಮರುದಿನ ಮಧ್ಯಾಹ್ನ ಹನ್ನೆರಡೂವರೆ.

ಯೊಸೆಮಿಟಿಯ ಜಲಪಾತದ ಬಗ್ಗೆಯೂ ಒಂದು ಮಾತು. 739 ಮೀಟರ್ ಎತ್ತರವಂತೆ, ನಮ್ಮ ಜೋಗದ 253ಕ್ಕೆ ಮೂರು ಪಟ್ಟಿನ ಹತ್ತಿರ. ಆದರೆ ಅದರ ನೀರು ಮಳೆಯದಲ್ಲ, ಹಿಮ ಕರಗಿದ್ದು. ಮೇ, ಜೂನ್‌ನಲ್ಲಿ ಅಬ್ಬರ, ಆಗಸ್ಟ್ ಕೊನೆಗೆ ಬರೀ ಬಂಡೆ. ಜೋಗ ತುಂಬುವ ಹೊತ್ತಿಗೆ ಅದು ಸೊರಗುತ್ತದೆ. ಜುಲೈ ಕೊನೆಗೆ ಮಾವನವರನ್ನು ಅದರ ಮುಂದೆ ನಿಲ್ಲಿಸಿದರೆ "ನಮ್ಮ ಜೋಗವೇ ವಾಸಿ" ಎಂಬ ಉಪನ್ಯಾಸವನ್ನು ಯೆಲ್ಲೋಸ್ಟೋನ್ ತನಕ ಕೇಳಬೇಕಾಗುತ್ತದೆ. ಆಗಸ್ಟಿಗೆ ಮುಂದೂಡಿದರೆ ವಾಪಸ್ ಬರುವ ತನಕ.

ಬುತ್ತಿಯ ಪಟ್ಟಿ ಅತ್ತೆಯವರದೇ ಆದ್ದರಿಂದ ಅದರಲ್ಲಿ ದೋಷ ಹುಡುಕುವ ಧೈರ್ಯ ನನಗಿಲ್ಲ. ಕೋಡುಬಳೆ, ಚಕ್ಕುಲಿ, ಪುಳಿಯೋಗರೆ ಗೊಜ್ಜು, ಮಿಡಿ ಉಪ್ಪಿನಕಾಯಿ, ಮೆಂತ್ಯದ ಹಿಟ್ಟು. ಯೊಸೆಮಿಟಿಯ ಕರಡಿಗಳು ವಾಸನೆ ಹಿಡಿದು ಕಾರಿನ ಬಾಗಿಲನ್ನೇ ಕಿತ್ತು ತೆಗೆಯುವುದರಲ್ಲಿ ಹೆಸರಾದವು. ಕತ್ತಲಾದ ಮೇಲೆ ಕಾರಿನಲ್ಲಿ ತಿನ್ನುವ ಸಾಮಾನು ಬಿಡುವಂತಿಲ್ಲ; ಶಿಬಿರಗಳಲ್ಲಿ ಅದಕ್ಕೆಂದೇ ಕಬ್ಬಿಣದ ಪೆಟ್ಟಿಗೆಗಳಿವೆ. ಪರಿಮಳ ಬರುವ ಸೋಪು, ಟೂತ್‌ಪೇಸ್ಟೂ ಅದರೊಳಗೇ ಹೋಗಬೇಕು. ಅಂದಮೇಲೆ ಅಮೃತಾಂಜನವೂ ಹೋಗಬೇಕು. ಅತ್ತೆಯವರ ತಲೆದಿಂಬಿನಡಿಯಿಂದ ಅಮೃತಾಂಜನದ ಶೀಷೆ ತೆಗೆದು ಕರಡಿ ಪೆಟ್ಟಿಗೆಗೆ ಹಾಕುವ ಕೆಲಸ ಯಾರದು ಎಂಬುದನ್ನು ಹಾಳೆಯಲ್ಲಿ ದಯವಿಟ್ಟು ನಮೂದಿಸಿ. ನನ್ನದಂತೂ ಅಲ್ಲ.

ಗ್ರ್ಯಾಂಡ್ ಕ್ಯಾನಿಯನ್‌ಗೆ "ಎರಡು ಗಂಟೆ, ಸೂರ್ಯಾಸ್ತ ಸೇರಿ" ಎಂದಿದೆ. ಕೆಂಪು ಬಣ್ಣದಲ್ಲಿ "ಸಮಯ ಉಳಿದರೆ ಉತ್ತರ ದಂಡೆ" ಎಂದೂ ಇದೆ. ದಕ್ಷಿಣ ದಂಡೆಯಲ್ಲಿ ನಿಂತರೆ ಉತ್ತರ ದಂಡೆ ಕಣ್ಣೆದುರಿಗೇ, ಹದಿನಾರು ಕಿಲೋಮೀಟರ್. ಹದ್ದಾದರೆ ಹೋಗಿ ಬರಬಹುದು. ಕಾರಿಗೆ ಸುಮಾರು 350 ಕಿಲೋಮೀಟರ್ ಸುತ್ತು. ಅಲ್ಲಿದ್ದ ಹಳೆಯ ಲಾಡ್ಜ್ ಕೂಡ 2025ರ ಜುಲೈನ ಕಾಳ್ಗಿಚ್ಚಿನಲ್ಲಿ ಸುಟ್ಟುಹೋಗಿದೆ.

ಆದರೆ ಆ ಎರಡು ಗಂಟೆ ನನಗೆ ಸಾಲದು, ಕಾರಣವಿದೆ. ಆ ಕಮರಿಯೊಳಗೆ ಎದ್ದು ನಿಂತಿರುವ ಕಲ್ಲಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಎಂದು ಹೆಸರು. 1880ರ ದಶಕದಲ್ಲಿ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿ ಹಾಕಿಕೊಟ್ಟ ರೂಢಿ. ಇದನ್ನು ಅತ್ತೆಯವರಿಗೆ ಹೇಳಬೇಡಿ ಎಂದು ಬೇಡಿಕೊಳ್ಳುತ್ತೇನೆ. ಹೇಳಿದಿರೋ, ತ್ರಿಮೂರ್ತಿಗಳ ದರ್ಶನವಾಗದೆ ಅವರು ಕಾರು ಹತ್ತುವುದಿಲ್ಲ; ಒಂದೊಂದು ಶಿಖರ ಒಂದೊಂದು ಕಡೆ. ಕಮರಿಯ ತಳದಲ್ಲಿ, ಒಂದೂವರೆ ಕಿಲೋಮೀಟರ್ ಆಳದಲ್ಲಿ, ಕಪ್ಪಗೆ ಕಾಣುವ ಕಲ್ಲಿಗೂ ವಿಷ್ಣುವಿನದೇ ಹೆಸರು. ಅದರ ವಯಸ್ಸು ಸುಮಾರು 170 ಕೋಟಿ ವರ್ಷ. ಅದನ್ನು ತೋರಿಸಿ ನಮ್ಮನ್ನು ಬೆರಗುಗೊಳಿಸುವುದು ತಮ್ಮ ಆಸೆ. ಆದರೆ ನಾವು ದಿನಾ ಬೆಳಿಗ್ಗೆ ಏದುಸಿರು ಬಿಡುತ್ತ ಹತ್ತುವ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕೆಂಪೇಗೌಡರ ಗೋಪುರ ಇರುವುದು ಅದರ ನೆತ್ತಿಯ ಮೇಲೆ. ವಯಸ್ಸಿನ ಲೆಕ್ಕದಲ್ಲಿ ವಿಷ್ಣು ಶಿಲೆಯೇ ನಮ್ಮ ಬಂಡೆಗೆ ನಮಸ್ಕಾರ ಮಾಡಬೇಕು. ನಾನು ನೋಡಬೇಕೆಂದಿರುವುದು ಕಲ್ಲಿನ ವಯಸ್ಸನ್ನಲ್ಲ. ಒಂದು ನದಿ ಇಷ್ಟನ್ನೆಲ್ಲ ಕೊರೆದು ಒಳಗಿನ ಪದರಗಳನ್ನು ಬಿಚ್ಚಿಟ್ಟಿದೆಯಲ್ಲ, ಅದನ್ನು. ಬೆಳಗಿನ ಬಿಸಿಲು ಒಂದೊಂದೇ ಪದರಕ್ಕೆ ಇಳಿಯುವುದನ್ನು ನೋಡುವುದಕ್ಕೆ ರಾತ್ರಿ ಅಲ್ಲೇ ತಂಗಬೇಕು. ಹಾಳೆಯ ಪ್ರಕಾರ ಆ ಹೊತ್ತಿಗೆ ನಾವು ಪೆಟ್ರೋಲ್ ಬಂಕಿನಲ್ಲಿರುತ್ತೇವೆ.

ನಾಲ್ಕನೇ ದಿನದ ಗಡಿಯಾರವನ್ನು ಪರಿಶೀಲಿಸಿದ್ದೀರಾ? ಬೇಸಿಗೆಯಲ್ಲಿ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೂ ಅರಿಜೋನಾ ಇಡುವುದಿಲ್ಲ. ಅರಿಜೋನಾದೊಳಗಿನ ನವಾಹೊ ಜನರ ಸೀಮೆ ಇಡುತ್ತದೆ. ಆ ಸೀಮೆಯ ನಡುವಿನಲ್ಲಿರುವ ಹೋಪಿ ಜನರ ಸೀಮೆ ಮತ್ತೆ ಇಡುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್‌ನಿಂದ ಮಾನ್ಯುಮೆಂಟ್ ವ್ಯಾಲಿಗೆ ಹೋಗುವಾಗ ಒಂದು ಗಂಟೆ ಎಲ್ಲೋ ಬಿದ್ದುಹೋಗುತ್ತದೆ. ನನ್ನ ಕಾಲದಲ್ಲಿ ಬಸ್ಸು ಒಂದು ಗಂಟೆ ತಡವಾದರೆ ಕಂಡಕ್ಟರಿಗೆ ಮೆಮೋ ಕೊಡುತ್ತಿದ್ದೆವು. ಇಲ್ಲಿ ಯಾರಿಗೆ ಕೊಡಬೇಕು?

ಆರ್ಚಸ್ ಚೆನ್ನಾಗಿದೆಯಂತೆ, ಕಲ್ಲಿನ ಕಮಾನುಗಳೇ ಎರಡು ಸಾವಿರಕ್ಕೂ ಮೇಲೆ. ತಾವು ಕೊಟ್ಟಿರುವ ನಲವತ್ತು ನಿಮಿಷದಲ್ಲಿ ಎಷ್ಟು ಎಣಿಸಲು ಸಾಧ್ಯವೋ ಅಷ್ಟು ಎಣಿಸೋಣ. ಅಲ್ಲಿಂದ ಮುಂದೆ ಯೂಟಾದ ಐ-70 ಹೆದ್ದಾರಿಯಲ್ಲಿ ಗ್ರೀನ್ ರಿವರ್‌ನಿಂದ ಸಲೈನಾ ತನಕ, ಸುಮಾರು 170 ಕಿಲೋಮೀಟರ್, ಒಂದೂ ಬಂಕ್ ಇಲ್ಲ. ತಾವು ಪೆಟ್ರೋಲಿನ ಚಿಂತೆ ಮಾಡಿದ್ದೀರಿ, ಸಂತೋಷ. ನಮ್ಮ ವಯಸ್ಸಿನವರ ಚಿಂತೆ ಬೇರೆ.

ಇಡೀ ಹಾಳೆಯಲ್ಲಿ ನನ್ನ ಮನಸ್ಸು ತುಂಬಿದ್ದು ಝಯಾನ್‌ನ ಸಾಲು ಓದಿದಾಗ. ತಾವು ಬರೆದದ್ದಕ್ಕಲ್ಲ, ಬರೆಯದೆ ಬಿಟ್ಟದ್ದಕ್ಕೆ. "ಕಣಿವೆಯೊಳಗೆ ಡ್ರೈವ್, 30 ನಿಮಿಷ" ಎಂದಿದ್ದೀರಿ. ಅಲ್ಲಿ ಡ್ರೈವ್ ಇಲ್ಲ. ಕಾರುಗಳು ಸಾಲುಗಟ್ಟಿ, ನಿಲ್ಲಿಸಲು ಜಾಗವಿಲ್ಲದೆ, ಕಣಿವೆ ಉಸಿರುಕಟ್ಟಿದ್ದರಿಂದ 2000ನೇ ಇಸವಿಯಲ್ಲಿ ಉದ್ಯಾನದವರು ಬಸ್ಸು ಹಾಕಿದರು. ಸೀಜನ್ ಉದ್ದಕ್ಕೂ ಖಾಸಗಿ ಕಾರು ಒಳಗೆ ಬಿಡುವುದಿಲ್ಲ. ಬಸ್ಸಿಗೆ ಬೇರೆ ಟಿಕೆಟ್ಟಿಲ್ಲ, ಒಂದು ತಪ್ಪಿದರೆ ಸ್ವಲ್ಪ ಹೊತ್ತಿಗೆ ಇನ್ನೊಂದು. ಕಾರಿಲ್ಲದೆ ಹಾಲು ತರುವುದಕ್ಕೂ ಹೋಗದ ದೇಶ ತನ್ನ ಅತ್ಯಂತ ಚೆಂದದ ಕಣಿವೆಯನ್ನು ಉಳಿಸಿಕೊಳ್ಳಲು ಕೊನೆಗೆ ನಮ್ಮ ಇಲಾಖೆಯ ದಾರಿಗೇ ಬಂತು ನೋಡಿ. ಇಡೀ ದಿನ ಆ ಬಸ್ಸಿನಲ್ಲೇ ಓಡಾಡಲು ನಾನು ತಯಾರು. "ಏಂಜೆಲ್ಸ್ ಲ್ಯಾಂಡಿಂಗ್, ಐಚ್ಛಿಕ" ಎಂಬ ಸಾಲನ್ನು ಮಾತ್ರ ತೆಗೆಯಿರಿ. ಸರಪಳಿ ಹಿಡಿದು ಬಂಡೆಯ ಅಂಚಿನಲ್ಲಿ ಹತ್ತುವ ಆ ದಾರಿಗೆ 2022ರಿಂದ ಲಾಟರಿಯಲ್ಲಿ ಪರ್ಮಿಟ್ ಪಡೆಯಬೇಕು. ಅತ್ತೆಯವರ ಮಂಡಿಗೆ ಲಾಟರಿ ಹೊಡೆಯುವುದು ಬೇಡ.

ಇನ್ನು ಯೆಲ್ಲೋಸ್ಟೋನ್. 1872ರಲ್ಲಿ ಲೋಕಕ್ಕೆ ರಾಷ್ಟ್ರೀಯ ಉದ್ಯಾನ ಎಂಬ ಮೇಲ್ಪಂಕ್ತಿ ಹಾಕಿಕೊಟ್ಟ ಜಾಗ. ಸುಮಾರು ಒಂಬತ್ತು ಸಾವಿರ ಚದರ ಕಿಲೋಮೀಟರ್. ತಾವು ಅರ್ಧ ದಿನ ದಯಪಾಲಿಸಿದ್ದೀರಿ. ಅದರಲ್ಲಿ ಓಲ್ಡ್ ಫೇಯ್ತ್‌ಫುಲ್ ಬುಗ್ಗೆಗೆ ಇಪ್ಪತ್ತೈದು ನಿಮಿಷ. ಅದು ಚಿಮ್ಮುವುದು ಸುಮಾರು ಒಂದೂವರೆ ಗಂಟೆಗೊಮ್ಮೆ. ಹಿಂದಿನ ಸಲ ಎಷ್ಟು ಹೊತ್ತು ಚಿಮ್ಮಿತು ಎಂದು ನೋಡಿ ರೇಂಜರುಗಳು ಮುಂದಿನ ಸಮಯವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಹತ್ತು ನಿಮಿಷ ಆಚೀಚೆ. ನೆಲದೊಳಗಿನ ಕುದಿನೀರು ಹತ್ತು ನಿಮಿಷದೊಳಗೆ ವೇಳೆ ಪಾಲಿಸುತ್ತದೆಂದರೆ ಯಾವ ಡಿಪೋದವನಿಗಾದರೂ ಕಣ್ಣಲ್ಲಿ ನೀರು ಬರಬೇಕು. ಆದರೆ ಅದು ಪಾಲಿಸುವುದು ತನ್ನ ವೇಳೆಯನ್ನು. ನಾವು ಕಾರು ನಿಲ್ಲಿಸಿ, ಅತ್ತೆಯವರು ಚಪ್ಪಲಿ ಬದಲಿಸಿ, ಬೆಂಚು ತಲುಪುವಷ್ಟರಲ್ಲಿ ಅದು ಮುಗಿದಿದ್ದರೆ, ಹಾಳೆಯ ಪ್ರಕಾರ ನಾವು ಒದ್ದೆ ನೆಲಕ್ಕೆ ಕೈಮುಗಿದು ಹೊರಡಬೇಕು.

ದಾರಿಯಲ್ಲಿ ಕಾಡೆಮ್ಮೆಗಳು. ನಮಗೆ ಉದ್ಯಾನವೆಂದರೆ ಬಂಡೀಪುರ: ಇಲಾಖೆಯ ವಾಹನ, ಕೆಳಗೆ ಇಳಿಯಬಾರದು, ರಾತ್ರಿ ಒಂಬತ್ತಾದರೆ ಹೆದ್ದಾರಿಯನ್ನೇ ಮುಚ್ಚುತ್ತಾರೆ. ಯೆಲ್ಲೋಸ್ಟೋನ್‌ನಲ್ಲಿ ನಮ್ಮ ಕಾರು, ನಮ್ಮ ಇಷ್ಟ; ಕಾಡೆಮ್ಮೆಯಿಂದ 23 ಮೀಟರ್, ಕರಡಿ, ತೋಳಗಳಿಂದ 91 ಮೀಟರ್ ದೂರವಿದ್ದರೆ ಸಾಕು. ಆದರೆ ಕಾಡೆಮ್ಮೆಗೆ ಈ ಅಳತೆ ಗೊತ್ತಿಲ್ಲ. ಹೇಡನ್ ಕಣಿವೆಯಲ್ಲಿ ಅವು ಡಾಂಬರು ರಸ್ತೆಗೇ ಬಂದು ನಿಲ್ಲುತ್ತವೆ. ಗಂಡು ಒಂಬೈನೂರು ಕಿಲೋ ತನಕ ತೂಗುತ್ತದೆ. ಓಡಿದರೆ ಗಂಟೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಜುಲೈ ಕೊನೆಗೆ ಅವುಗಳ ಬೆದೆಗಾಲ ಬೇರೆ. ರಸ್ತೆ ನಡುವೆ ಬಾಲ ಎತ್ತಿ ಗುಟುರು ಹಾಕುತ್ತಿರುವ ಗಂಡಿಗೆ ತಮ್ಮ ಆರನೇ ಕಾಲಂ ತೋರಿಸಿ ದಾರಿ ಕೇಳಿ ನೋಡಿ. 1902ರ ಹೊತ್ತಿಗೆ ಬೇಟೆಗಾರರ ದೆಸೆಯಿಂದ ಅಲ್ಲಿ ಉಳಿದಿದ್ದದ್ದು ಸುಮಾರು ಎರಡು ಡಜನ್. ಈಗ ಕೆಲವು ಸಾವಿರ. ಇಷ್ಟು ಕಷ್ಟಪಟ್ಟು ಬದುಕುಳಿದವು ಅರ್ಧ ಗಂಟೆ ರಸ್ತೆ ತಡೆದರೆ ತಡೆಯಲಿ ಬಿಡಿ.

ಅಡುಗೆ ವಿಷಯ ಒಂದಿದೆ. ಓಲ್ಡ್ ಫೇಯ್ತ್‌ಫುಲ್ ಇರುವುದು 2,200 ಮೀಟರಿಗೂ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತಾವು ಬರೆದಿರುವ "ಎಲೆಕ್ಟ್ರಿಕ್ ರೈಸ್ ಕುಕ್ಕರಿನಲ್ಲಿ ಬಿಸಿಬೇಳೆಬಾತ್, 20 ನಿಮಿಷ" ಎಂಬುದು ಆಗದ ಮಾತು. ಬೇಳೆ ಬೇಯುವುದಿಲ್ಲ. ಒಗ್ಗರಣೆ ಹಾಕಿದರೆ ಲಾಡ್ಜಿನ ಹೊಗೆ ಗಂಟೆ ಹೊಡೆದುಕೊಳ್ಳುತ್ತದೆ, ಅದು ಇನ್ನೊಂದು ಕಥೆ.

ಖರ್ಚಿನ ಕಾಲಂನಲ್ಲೂ ಒಂದು ತಿದ್ದುಪಡಿ. 2026ರ ಜನವರಿಯಿಂದ ಉದ್ಯಾನಗಳ ವಾರ್ಷಿಕ ಪಾಸು ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರಗಿನವರಿಗೆ 250. ಪಾಸಿಲ್ಲದ ಹೊರಗಿನವರು 11 ಹೆಸರಾಂತ ಉದ್ಯಾನಗಳಲ್ಲಿ ತಲೆಗೆ ನೂರು ಡಾಲರ್ ಹೆಚ್ಚು ಕೊಡಬೇಕು. ತಮ್ಮ ಪಟ್ಟಿಯ ಎಂಟರಲ್ಲಿ ಆರು ಅವೇ. ಆ ಸರ್ಕಾರದ ಕಣ್ಣಿನಲ್ಲಿ ಅತ್ತೆ ಮಾವ ಹೊರಗಿನವರು. ತಮ್ಮ ಕಣ್ಣಿನಲ್ಲಿ ಹಾಗಿಲ್ಲವೆಂದು ನಂಬಿ ಮುಂದಿನ ಮಾತು ಬರೆಯುತ್ತಿದ್ದೇನೆ.

ಎಂಟರಲ್ಲಿ ಆರು ಸಾಲು ಅಳಿಸಿ. ಸಾಲ್ಟ್ ಲೇಕ್ ಸಿಟಿ ತನಕ ವಿಮಾನದಲ್ಲಿ ಹೋಗೋಣ; ಅಲ್ಲಿಂದ ಬಾಡಿಗೆ ಕಾರಿನಲ್ಲಿ ಯೆಲ್ಲೋಸ್ಟೋನ್ ಒಂದು ದಿನದ ಹಾದಿ, ಗ್ರ್ಯಾಂಡ್ ಟೀಟನ್ ಪಕ್ಕದಲ್ಲೇ. ಒಂಬತ್ತು ದಿನವೂ ಅಲ್ಲೇ ಇರೋಣ. ಉದ್ಯಾನದೊಳಗಿನ ಲಾಡ್ಜ್‌ಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ, ಆದ್ದರಿಂದ ಈ ಪತ್ರ ಓದಿ ಮುಗಿಸಿದ ಕೂಡಲೇ ರೂಮು ಹಿಡಿಯಿರಿ. ಗ್ರ್ಯಾಂಡ್ ಕ್ಯಾನಿಯನ್ ಮುಂದಿನ ಸಲಕ್ಕಿರಲಿ. ಎರಡನೇ ಬಾಣಂತನಕ್ಕೆ ಹೇಗೂ ಕರೆಸಿಕೊಳ್ಳುತ್ತೀರಿ. ತಿದ್ದಿದ ಹಾಳೆಯಲ್ಲಿ ಓಲ್ಡ್ ಫೇಯ್ತ್‌ಫುಲ್‌ಗೆ ಮೂರು ಗಂಟೆ, ಕಾಡೆಮ್ಮೆಗಳಿಗೆ ಅವು ಕೇಳಿದಷ್ಟು, ಚಾಲಕರ ನಿದ್ದೆಗೆ ಎಂಟು ಗಂಟೆ ಬರೆದು ಕಳಿಸಿ. ಪ್ರೆಶರ್ ಕುಕ್ಕರ್ ನಾವು ತರುತ್ತೇವೆ.

ಇತಿ ಆಶೀರ್ವಾದಗಳು,
ತಮ್ಮ ಮಾವ